ಸಂದೇಹಿ ಶಿಷ್ಯ, ನಾಚಿದ ಗುರು: ಯೆಹೂದಿ ಧರ್ಮದ ಮೊದಲ ಪಾಠದ ಸ್ವರೂಪ

೧

ಒಂದು ಧರ್ಮದ ಮೂಲತತ್ತ್ವಗಳನ್ನು ಅದರಲ್ಲಿಯೇ ಹುಟ್ಟಿ ಬೆಳೆದವನಿಗೆ ಕಲಿಸುವುದು ಒಂದು ಬಗೆ. ಅದನ್ನು ನಂಬದ, ಆದರೆ ಅದೇನೆಂದು ತಿಳಿಯಬಯಸುವ ಹೊರಗಿನವನಿಗೆ ಕಲಿಸುವುದು ಇನ್ನೊಂದು ಬಗೆ. ಮೊದಲನೆಯವನಿಗೆ ಧರ್ಮವು ತಾಯ್ನುಡಿಯಿದ್ದಂತೆ, ವ್ಯಾಕರಣ ತಿಳಿಯುವ ಮೊದಲೇ ಅವನು ಅದನ್ನು ಆಡಬಲ್ಲ. ಎರಡನೆಯವನು ಮೊದಲ ಸೂತ್ರಕ್ಕೇ ‘ಏಕೆ’ ಎಂದು ತಡೆಯೊಡ್ಡುತ್ತಾನೆ. ಇಂಥ ಸಂದೇಹಿಯನ್ನು ಗುರುವಾದವನು ಹೇಗೆ ಎದುರುಗೊಳ್ಳಬೇಕು ಎಂಬ ಜಿಜ್ಞಾಸೆ ಎಲ್ಲ ಧರ್ಮಪರಂಪರೆಗಳಲ್ಲಿಯೂ ಇದೆ. ಅನ್ಯರನ್ನು ಮತಾಂತರಿಸುವ ಉತ್ಸಾಹವನ್ನು ಬಹುಕಾಲದಿಂದ ತೋರದ ಯೆಹೂದಿ ಧರ್ಮದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ಸ್ಥಾನವಿರಲಾರದೆಂದು ಮೇಲುನೋಟಕ್ಕೆ ಅನಿಸಬಹುದು. ವಾಸ್ತವ ಇದಕ್ಕೆ ವ್ಯತಿರಿಕ್ತವಾಗಿದೆ. ಆ ಧರ್ಮದ ಪ್ರಮುಖ ಗ್ರಂಥಗಳು ಬಾಗಿಲಲ್ಲಿ ನಿಂತು ಪ್ರಶ್ನಿಸುವ ಹೊರಗಿನವನನ್ನು ಮತ್ತೆ ಮತ್ತೆ ಒಳಗೆ ಕರೆತಂದಿವೆ. ಅವನ ಪ್ರಶ್ನೆಯಿಂದ ಬದಲಾದವನು ಎಷ್ಟೋ ಸಲ ಅವನಲ್ಲ, ಅವನಿಗೆ ಕಲಿಸಲು ಕುಳಿತ ಗುರು. ಪ್ರಸ್ತುತ ಲೇಖನವು ಈ ಸಂಗತಿಯನ್ನು ಕೆಲವು ಪಠ್ಯಗಳ ಮೂಲಕ, ಮುಖ್ಯವಾಗಿ ಯೆಹೂದಾ ಹಲೇವಿಯ ‘ಕುಜರಿ’ ಎಂಬ ಸಂವಾದಗ್ರಂಥದ ಮೂಲಕ ವಿವರಿಸುತ್ತದೆ.

ಕನ್ನಡದ ಓದುಗನಿಗೆ ಯೆಹೂದಿ ಧರ್ಮ ಪರಿಚಯವಾಗಿರುವುದು ಬಹುಮಟ್ಟಿಗೆ ಬೈಬಲಿನ ಮೂಲಕ. ಹತ್ತೊಂಬತ್ತನೆಯ ಶತಮಾನದ ಮಿಶನರಿ ಅನುವಾದಗಳಿಂದ ನೆಲೆಗೊಂಡ ‘ಹಳೆಯ ಒಡಂಬಡಿಕೆ’ ಎಂಬ ಹೆಸರು ಕ್ರೈಸ್ತರು ಇಟ್ಟದ್ದು. ಯೆಹೂದಿಗಳಿಗೆ ಅದು ಹಳೆಯದೂ ಅಲ್ಲ, ಅದಕ್ಕೆ ಪ್ರತಿಯಾಗಿ ಹೊಸದೊಂದು ಇಲ್ಲ. ಮೋಶೆಯ ಐದು ಗ್ರಂಥಗಳಾದ ‘ತೋರಾ’, ಪ್ರವಾದಿಗಳ ಗ್ರಂಥಗಳು, ಇತರ ಬರಹಗಳು ಇವಿಷ್ಟೂ ಸೇರಿ ಆಗುವುದು ಲಿಖಿತ ಭಾಗ. ಇದರ ಜೊತೆಗೆ ಬಾಯಿಂದ ಬಾಯಿಗೆ ಹರಿದುಬಂದದ್ದೆಂದು ಪರಂಪರೆ ನಂಬುವ ಮೌಖಿಕ ತೋರಾ ಇದೆ. ಅದರ ವಿಧಿಗಳನ್ನು ಕ್ರಿ.ಶ. ೨೦೦ರ ಸುಮಾರಿಗೆ ಯೆಹೂದಾ ಹನಾಸಿ ಎಂಬವನು ‘ಮಿಶ್ನಾ’ ಎಂಬ ಸಂಕಲನವಾಗಿ ರೂಪಿಸಿದ. ಮಿಶ್ನಾದ ಮೇಲೆ ಪಂಡಿತರು ನಡೆಸಿದ ಶತಮಾನಗಳ ಚರ್ಚೆಯೇ ‘ತಾಲ್ಮುದ್’. ಬದುಕಿನ ನಡಾವಳಿಯಾಗಿ ಯೆಹೂದಿ ಧರ್ಮ ಇರುವುದು ಈ ಎರಡನೆಯ ಭಾಗದಲ್ಲಿ. ಸಬ್ಬತ್ ದಿನ ಕೆಲಸ ಮಾಡಬಾರದೆಂದು ತೋರಾ ವಿಧಿಸುತ್ತದೆ. ಯಾವುದು ಕೆಲಸ, ಯಾವುದು ಅಲ್ಲ ಎಂಬುದನ್ನು ಬಿಡಿಸಿ ಹೇಳುವುದು ಮಿಶ್ನಾ. ಕೇವಲ ಬೈಬಲನ್ನು ಓದಿ ಯೆಹೂದಿ ಧರ್ಮವನ್ನು ಬಲ್ಲೆನೆನ್ನುವವನು ಮೊದಲರ್ಧವನ್ನಷ್ಟೇ ಬಲ್ಲ. ತಾಲ್ಮುದಿನಲ್ಲಿ ಬರುವ ಸಂದೇಹಿಗಳ ಪೈಕಿ ಮೊದಲನೆಯವನು ನಿಂತಿರುವುದೂ ಇದೇ ಜಾಗದಲ್ಲಿ.

೨

ಬಾಬಿಲೋನಿನ ತಾಲ್ಮುದಿನ ‘ಶಬ್ಬಾತ್’ ಭಾಗದಲ್ಲಿ ಮೂರು ಕಥೆಗಳು ಒಂದರ ಹಿಂದೆ ಒಂದು ಬರುತ್ತವೆ. ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ ಜೆರುಸಲೇಮಿನಲ್ಲಿದ್ದ ಶಮ್ಮಾಯ್ ಮತ್ತು ಹಿಲ್ಲೆಲ್ ಎಂಬ ಇಬ್ಬರು ಗುರುಗಳ ಬಳಿಗೆ ಮೂವರು ಅನ್ಯರು ಬರುತ್ತಾರೆ. ಶಮ್ಮಾಯ್ ಮೂವರನ್ನೂ ಹೊರದೂಡುತ್ತಾನೆ. ಹಿಲ್ಲೆಲ್ ಮೂವರನ್ನೂ ಒಳಗೆ ಕರೆಯುತ್ತಾನೆ. ಇವುಗಳಲ್ಲಿ ಲೋಕಪ್ರಸಿದ್ಧವಾಗಿರುವುದು ಎರಡನೆಯದು. ತಾನು ಒಂಟಿಕಾಲಿನಲ್ಲಿ ನಿಂತಿರುವಷ್ಟು ಹೊತ್ತಿನಲ್ಲಿ ಇಡೀ ತೋರಾವನ್ನು ಕಲಿಸಬೇಕೆಂದು ಕೇಳಿದವನನ್ನು ಶಮ್ಮಾಯ್ ಕೈಯಲ್ಲಿದ್ದ ಅಳತೆಗೋಲಿನಿಂದ ಅಟ್ಟುತ್ತಾನೆ. ತನಗೆ ಹೇಯವೆನಿಸಿದ್ದನ್ನು ಪರರಿಗೆ ಮಾಡದಿರುವುದೇ ಇಡೀ ತೋರಾ, ಮಿಕ್ಕಿದ್ದೆಲ್ಲ ಅದರ ವ್ಯಾಖ್ಯಾನ ಎಂದು ಹಿಲ್ಲೆಲ್ ಹೇಳಿ, ಇನ್ನು ಹೋಗಿ ಕಲಿ ಎಂದು ಸೇರಿಸುತ್ತಾನೆ. ಉಪನ್ಯಾಸಗಳಲ್ಲಿ ಉದ್ಧರಣೆಗೊಳ್ಳುವುದು ಮೊದಲರ್ಧ ಮಾತ್ರ. ಕೊನೆಯ ಆಜ್ಞೆಯನ್ನು ಬಿಟ್ಟರೆ ಹಿಲ್ಲೆಲ್ ಒಬ್ಬ ಸುಭಾಷಿತಕಾರನಾಗಿ ಉಳಿಯುತ್ತಾನೆಯೇ ಹೊರತು ಗುರುವಾಗುವುದಿಲ್ಲ. ಶಿಷ್ಯ ಎರಡನೆಯ ಕಾಲನ್ನೂ ನೆಲಕ್ಕೂರುವಂತೆ ಮಾಡುವುದು ಆ ಆಜ್ಞೆಯೇ.

ಪ್ರಸ್ತುತ ವಿಷಯಕ್ಕೆ ಹೆಚ್ಚು ಮಹತ್ವದ್ದು ಮೊದಲನೆಯ ಕಥೆ. ತೋರಾಗಳು ಎಷ್ಟು ಎಂದು ಒಬ್ಬ ಅನ್ಯನು ಶಮ್ಮಾಯಿಯನ್ನು ಕೇಳುತ್ತಾನೆ. ಲಿಖಿತ, ಮೌಖಿಕ ಎಂದು ಎರಡು ಎಂಬ ಉತ್ತರ ಬರುತ್ತದೆ. ಲಿಖಿತವನ್ನು ನಂಬುವೆ, ಮೌಖಿಕವನ್ನು ನಂಬಲಾರೆ, ಮೊದಲನೆಯದನ್ನಷ್ಟೇ ಕಲಿಸುವ ಕರಾರಿನ ಮೇಲೆ ಸೇರಿಸಿಕೊಳ್ಳಿ ಎನ್ನುತ್ತಾನೆ ಅವನು. ಶಮ್ಮಾಯ್ ಗದರಿಸಿ ಕಳುಹಿಸುತ್ತಾನೆ. ಹಿಲ್ಲೆಲ್ ಕರಾರಿಗೆ ಒಪ್ಪಿ ಪಾಠ ಆರಂಭಿಸುತ್ತಾನೆ. ಮೊದಲ ದಿನದ ಪಾಠ ಹೀಬ್ರೂ ಅಕ್ಷರಮಾಲೆ: ಆಲೆಫ್, ಬೇತ್, ಗಿಮೆಲ್, ದಾಲೆತ್. ಮರುದಿನ ಅದೇ ಅಕ್ಷರಗಳನ್ನು ತಲೆಕೆಳಗಾಗಿ ಹೇಳಿಕೊಡುತ್ತಾನೆ. ನಿನ್ನೆ ಹೀಗೆ ಹೇಳಲಿಲ್ಲವಲ್ಲ ಎಂದು ಶಿಷ್ಯ ಆಕ್ಷೇಪಿಸುತ್ತಾನೆ. ಅಕ್ಷರದ ವಿಷಯದಲ್ಲಿ ನನ್ನ ಬಾಯಿಮಾತನ್ನು ನೆಚ್ಚಿದೆಯಲ್ಲವೇ, ಮೌಖಿಕ ತೋರಾದ ವಿಷಯದಲ್ಲಿಯೂ ನೆಚ್ಚು ಎಂಬುದು ಹಿಲ್ಲೆಲನ ಉತ್ತರದ ತಾತ್ಪರ್ಯ.

ಇಲ್ಲಿ ಹಿಲ್ಲೆಲ್ ಮೌಖಿಕ ಪರಂಪರೆ ಸತ್ಯವೆಂದು ಸಾಧಿಸಿಲ್ಲ. ಶಿಷ್ಯನ ಸಂದೇಹವೂ ಯಾವುದೋ ಒಂದು ನಂಬುಗೆಯ ಮೇಲೆಯೇ ನಿಂತಿದೆ ಎಂಬುದನ್ನಷ್ಟೇ ಅವನಿಗೆ ಕಾಣಿಸಿದ್ದಾನೆ. ಬರಹವನ್ನು ಮಾತ್ರ ನಂಬುವೆನೆನ್ನುವವನಿಗೆ ಆ ಬರಹವನ್ನು ಓದಿಸಿದವರು ಯಾರು ಎಂಬ ಪ್ರಶ್ನೆ ಇದರ ತಿರುಳು. ಹೀಬ್ರೂ ಲಿಪಿಯ ಸ್ವರೂಪ ತಿಳಿದರೆ ಇದರ ಮೊನೆ ಇನ್ನೂ ಸ್ಪಷ್ಟವಾಗುತ್ತದೆ. ಆ ಲಿಪಿಯಲ್ಲಿ ಮುಖ್ಯವಾಗಿ ಬರೆಯುವುದು ವ್ಯಂಜನಗಳನ್ನು. ಸ್ವರಗಳನ್ನು ಓದುಗನೇ ತುಂಬಿಕೊಳ್ಳಬೇಕು. ಕನ್ನಡದಲ್ಲಿ ಗುಣಿತದ ಚಿಹ್ನೆಗಳನ್ನೆಲ್ಲ ಅಳಿಸಿ ‘ಕಲ’ ಎಂದಷ್ಟೇ ಬರೆದಿದೆಯೆಂದು ಭಾವಿಸಿದರೆ ಅದು ಕಲೆಯೋ ಕೊಲೆಯೋ, ಕೂಲಿಯೋ ಕೋಲೋ, ಕಾಲವೋ ಕಾಲೋ ಎಂಬುದನ್ನು ಬರಹ ಹೇಳಲಾರದು. ಹೀಬ್ರೂವಿನ ‘ದ-ಬ-ರ’ ಎಂಬ ಮೂರು ವ್ಯಂಜನಗಳು ‘ದಾವಾರ್’ ಎಂದಾದರೆ ಮಾತು, ‘ದೆವೆರ್’ ಎಂದಾದರೆ ಮಹಾಮಾರಿ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದೆಂಬ ತೋರಾದ ನಿಷೇಧದಲ್ಲಿ ಬರುವ ಪದವನ್ನು ‘ಹಾಲಾವ್’ ಎಂದು ಓದಿದರೆ ಹಾಲು, ‘ಹೇಲೆವ್’ ಎಂದು ಓದಿದರೆ ಕೊಬ್ಬು. ಈ ಸಂದಿಗ್ಧವನ್ನು ತಾಲ್ಮುದೇ ಎತ್ತಿ ಚರ್ಚಿಸುತ್ತದೆ. ಯೆಹೂದಿ ಮನೆಗಳಲ್ಲಿ ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ ಎಂಬ ಕಟ್ಟುನಿಟ್ಟಾದ ಆಚರಣೆಯ ಆಧಾರ ಬರೆಯದೆ ಉಳಿದ ಒಂದೆರಡು ಸ್ವರಗಳು. ಸ್ವರಚಿಹ್ನೆಗಳನ್ನು ತಿಬೇರಿಯಸ್ಸಿನ ಪಂಡಿತರು ವ್ಯವಸ್ಥಿತಗೊಳಿಸಿದ್ದು ಹಿಲ್ಲೆಲನಿಗೆ ಎಷ್ಟೋ ಶತಮಾನಗಳ ಅನಂತರ. ಸಭಾಮಂದಿರದಲ್ಲಿ ಓದುವ ತೋರಾದ ಸುರುಳಿಯಲ್ಲಿ ಇಂದಿಗೂ ಅವುಗಳನ್ನು ಬರೆಯುವುದಿಲ್ಲ.

ಹಿಲ್ಲೆಲನ ಸೌಮ್ಯತೆಯೇ ಇಡೀ ಪರಂಪರೆಯ ಧೋರಣೆಯೆಂದು ಹೇಳುವುದು ಅತ್ಯುಕ್ತಿ. ಪಾಸ್ಕ ಹಬ್ಬದ ರಾತ್ರಿ ಮನೆಮಂದಿ ಸೇರಿ ಓದುವ ‘ಹಗ್ಗಾದಾ’ದಲ್ಲಿ ನಾಲ್ವರು ಮಕ್ಕಳ ಪ್ರಸಂಗವಿದೆ. ಈ ಸೇವೆಯೆಲ್ಲ ನಿಮಗೇಕೆ ಎಂದು ಕೇಳುವ ಮಗನನ್ನು ಅಲ್ಲಿ ದುಷ್ಟನೆಂದು ಕರೆದು, ಅವನ ಹಲ್ಲು ಜುಮ್ಮೆನ್ನುವಂತೆ ಉತ್ತರಿಸಲು ತಂದೆಗೆ ಸೂಚಿಸಲಾಗಿದೆ. ಆ ಮಗನೂ ಅದೇ ಊಟದ ಪಂಕ್ತಿಯಲ್ಲಿ ಕುಳಿತಿರುತ್ತಾನೆ ಎಂಬುದನ್ನು ಮರೆಯುವಂತಿಲ್ಲ. ಆದರೂ ಶಮ್ಮಾಯಿಯ ಅಳತೆಗೋಲು ಈ ಪರಂಪರೆಯಿಂದ ಎಂದೂ ಪೂರ್ತಿಯಾಗಿ ಕಣ್ಮರೆಯಾಗಲಿಲ್ಲ.

೩

ಸೇರಬಯಸಿ ಬಂದವನಿಗೆ ಮೊದಲು ಏನನ್ನು ಹೇಳಬೇಕು? ತಾಲ್ಮುದಿನ ‘ಯೆವಾಮೋತ್’ ಭಾಗದಲ್ಲಿ ಇದಕ್ಕೊಂದು ಕ್ರಮವಿದೆ. ಏನನ್ನು ಕಂಡು ಬಂದೆ, ಈ ಕಾಲದಲ್ಲಿ ಇಸ್ರಾಯೇಲ್ಯರು ನೊಂದವರು, ತುಳಿತಕ್ಕೊಳಗಾದವರು ಎಂಬುದು ನಿನಗೆ ತಿಳಿಯದೇ ಎಂದು ಕೇಳಬೇಕು. ಬಲ್ಲೆ, ಅದರಲ್ಲಿ ಪಾಲುಗೊಳ್ಳಲು ನಾನು ಅರ್ಹನೂ ಅಲ್ಲ ಎಂದರೆ ಆ ಕ್ಷಣವೇ ಸ್ವೀಕರಿಸಬೇಕು. ಆಮೇಲೆ ಕೆಲವು ಹಗುರವಾದ, ಕೆಲವು ಭಾರವಾದ ವಿಧಿಗಳನ್ನು ತಿಳಿಸಬೇಕು. ಅತಿಯಾಗಿ ಹೇಳಬಾರದು, ಅತಿ ಸೂಕ್ಷ್ಮಕ್ಕೂ ಇಳಿಯಬಾರದು.

ಹೆಸರಿಸಿ ಹೇಳಲೇಬೇಕಾದ ವಿಧಿಗಳಾಗಿ ಇಲ್ಲಿ ಬರುವುದು ದೇವರ ಲಕ್ಷಣಗಳಲ್ಲ, ಸೃಷ್ಟಿಯ ವಿಚಾರವೂ ಅಲ್ಲ. ಕೊಯ್ಲಿನಲ್ಲಿ ಉದುರಿದ ಹಕ್ಕಲನ್ನು ಒಡೆಯ ಆಯಬಾರದು, ಮರೆತುಬಂದ ಸಿವುಡಿಗಾಗಿ ಹಿಂದಿರುಗಬಾರದು, ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು, ಬಡವರ ದಶಮಾಂಶವನ್ನು ತೆಗೆದಿಡಬೇಕು ಎಂಬಿವು. ಮೋವಾಬ್ ದೇಶದ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದ ಕಥೆಯನ್ನು ಬಲ್ಲವರಿಗೆ ಈ ಆಯ್ಕೆ ಅರ್ಥಪೂರ್ಣವಾಗಿ ತೋರುತ್ತದೆ. ಹೊರಗಿನಿಂದ ಬಂದು ಒಳಗಿನವಳಾದವರಲ್ಲಿ ಅವಳೇ ಪರಂಪರೆಯ ಆದರ್ಶ. ಅವಳು ಆ ಜನದೊಳಕ್ಕೆ ಪ್ರವೇಶಿಸಿದ್ದು ಹೊಲದ ಅಂಚಿನಿಂದ.

ದೇವರಿದ್ದಾನೆಯೇ ಎಂಬಲ್ಲಿಂದ ಚರ್ಚೆಯನ್ನು ತೊಡಗಲು ಬಂದ ಸಂದೇಹಿಗೆ ಈ ಕ್ರಮ ವಿಚಿತ್ರವಾಗಿ ಕಾಣುವುದು ಸಹಜ. ಅವನು ಕೇಳುವುದು ತತ್ತ್ವವನ್ನು, ಗುರು ಹೇಳುವುದು ಸಿವುಡಿನ ಲೆಕ್ಕವನ್ನು. ಈ ಅಂತರವನ್ನು ತುಂಬುವ ಪ್ರಯತ್ನ ಮಧ್ಯಯುಗದಲ್ಲಿ ಎರಡು ಭಿನ್ನ ದಾರಿಗಳಲ್ಲಿ ನಡೆಯಿತು. ಅವುಗಳಲ್ಲಿ ಒಂದು ಹಲೇವಿಯದು.

೪

ಯೆಹೂದಾ ಹಲೇವಿ (ಸು. ೧೦೭೫-೧೧೪೧) ಸ್ಪೇನಿನ ಹೀಬ್ರೂ ಕವಿ, ವೃತ್ತಿಯಿಂದ ವೈದ್ಯ. ಅವನ ಕಾಲದ ಸ್ಪೇನ್ ಕ್ರೈಸ್ತ ಹಾಗೂ ಮುಸ್ಲಿಂ ಅರಸರ ನಡುವೆ ಹರಿದು ಹಂಚಿಹೋಗಿತ್ತು. ೧೦೯೯ರಲ್ಲಿ ಜೆರುಸಲೇಮ್ ಕ್ರೂಸೇಡಿನ ಯೋಧರ ವಶವಾಯಿತು. ಎರಡು ಬಲಿಷ್ಠ ಧರ್ಮಗಳ ಕಾಳಗದ ನಡುವೆ ಯಾರ ಲೆಕ್ಕಕ್ಕೂ ಇಲ್ಲದೆ ಉಳಿದ ಜನದ ಧರ್ಮಕ್ಕೆ ಏನು ಬೆಲೆ ಎಂಬುದು ಆಗ ಜೀವಂತ ಪ್ರಶ್ನೆಯಾಗಿತ್ತು. ಸುಮಾರು ೧೧೪೦ರಲ್ಲಿ ಹೀಬ್ರೂ ಲಿಪಿಯ ಅರಬ್ಬಿಯಲ್ಲಿ ಅವನು ಮುಗಿಸಿದ ಗ್ರಂಥದ ಮೂಲ ಶೀರ್ಷಿಕೆಯಲ್ಲಿಯೇ ‘ತಿರಸ್ಕೃತ ಧರ್ಮ’ ಎಂಬ ಮಾತಿದೆ. ೧೧೬೭ರಲ್ಲಿ ಯೆಹೂದಾ ಇಬ್ನ್ ತಿಬ್ಬೋನ್ ಇದನ್ನು ಹೀಬ್ರೂವಿಗೆ ಅನುವಾದಿಸಿದ ಮೇಲೆ ಅದು ‘ಕುಜರಿ’ ಎಂದೇ ಪ್ರಸಿದ್ಧವಾಯಿತು.

ಗ್ರಂಥದ ಹುಟ್ಟಿನ ಹಿನ್ನೆಲೆ ಕರ್ನಾಟಕದ ಓದುಗರಿಗೆ ಒಂದು ಅನಿರೀಕ್ಷಿತ ದಿಕ್ಕಿನಿಂದ ಹತ್ತಿರವಾಗುತ್ತದೆ. ಕೈರೋದ ಹಳೆಯ ಸಭಾಮಂದಿರದ ‘ಜೆನಿಜಾ’ ಎಂಬ ಕೋಣೆಯಲ್ಲಿ ಶತಮಾನಗಳಿಂದ ಬಿದ್ದಿದ್ದ ಕಾಗದಪತ್ರಗಳ ಬಹುಭಾಗ ೧೮೯೬-೯೭ರಲ್ಲಿ ಕೇಂಬ್ರಿಡ್ಜಿಗೆ ಸಾಗಿತು. ಅವುಗಳಲ್ಲಿ ಹಿಂದೂ ಮಹಾಸಾಗರದ ವ್ಯಾಪಾರಿಗಳ ಪತ್ರಗಳಿದ್ದವು. ೧೧೩೨ರಿಂದ ೧೧೪೯ರವರೆಗೆ ಮಂಗಳೂರಿನ ಕರಾವಳಿಯಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು, ಅವನ ಆಳು ಬೊಮ್ಮ ಇವರು ನಮಗೆ ತಿಳಿದುಬಂದದ್ದು ಹಾಗೆ. ಅಮಿತಾವ್ ಘೋಷ್ ೧೯೯೨ರಲ್ಲಿ ಪ್ರಕಟಿಸಿದ ಕೃತಿಗಾಗಿ ಆ ಹೆಸರಿನ ಬೆನ್ನು ಹತ್ತಿ ಬಂದಾಗ ನೆರವಾದವರು ಮಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿದ್ದ ಬಿ.ಎ. ವಿವೇಕ ರೈ. ಇದೇ ವ್ಯಾಪಾರದ ಜಾಲದಲ್ಲಿ ಭಾರತಕ್ಕೂ ಸ್ಪೇನಿಗೂ ಓಡಾಡಿದ ಹಲ್ಫೋನ್ ಬೆನ್ ನೆತನೇಲ್ ಎಂಬ ವರ್ತಕ ಹಲೇವಿಯ ಆಪ್ತ ಮಿತ್ರ. ಅವನಿಗೆ ಹಲೇವಿ ಸ್ವಹಸ್ತದಲ್ಲಿ ಬರೆದ ಪತ್ರಗಳು ಅದೇ ರಾಶಿಯಲ್ಲಿ ದೊರೆತವು, ಎಸ್.ಡಿ. ಗೊಯ್ಟೈನ್ ಅವುಗಳನ್ನು ಗುರುತಿಸಿ ಪ್ರಕಟಿಸಿದರು. ಅವುಗಳಲ್ಲೊಂದರಲ್ಲಿ ‘ಕುಜರಿ’ಯ ಪ್ರಸ್ತಾಪವಿದೆ. ಕ್ರೈಸ್ತರ ನಾಡಿನಲ್ಲಿದ್ದ ಒಬ್ಬ ಭಿನ್ನಮತೀಯ ಕೇಳಿದ ಪ್ರಶ್ನೆಗಳೇ ಅದಕ್ಕೆ ಕಾರಣವೆಂದು ತಿಳಿಸಿ, ಗ್ರಂಥವನ್ನು ಹಗುರವಾಗಿಯೇ ಮಾತನಾಡಿ ಹಲೇವಿ ಬದಿಗಿಡುತ್ತಾನೆ. ಆ ಪ್ರಶ್ನಕಾರನು ಕರಾಯೀ ಪಂಥದವನೆಂದು ವಿದ್ವಾಂಸರು ಭಾವಿಸುತ್ತಾರೆ. ಕರಾಯರು ಲಿಖಿತ ತೋರಾವನ್ನಷ್ಟೇ ಒಪ್ಪಿ ಮೌಖಿಕವನ್ನು ನಿರಾಕರಿಸುವವರು. ಹಿಲ್ಲೆಲನ ಮೊದಲ ಶಿಷ್ಯನೇ ಸಾವಿರಕ್ಕೂ ಮಿಕ್ಕ ವರ್ಷಗಳ ಮೇಲೆ ಪತ್ರಮುಖೇನ ಮತ್ತೆ ಬಂದಂತೆ ಇದೆ. ‘ಕುಜರಿ’ಯ ಮೂರನೆಯ ಭಾಗದಲ್ಲಿ ಹಲೇವಿ ಅವನಿಗೆ ಕೊಡುವ ಉತ್ತರವೂ ಹಿಲ್ಲೆಲನದೇ: ಸ್ವರಗಳಿಲ್ಲದ ಪಠ್ಯವನ್ನು ಓದಬೇಕಾದರೆ ಕರಾಯನೂ ಪರಂಪರೆಗೆ ಶರಣಾಗಲೇಬೇಕು.

ಆದರೆ ಹಲೇವಿ ತನ್ನ ಗ್ರಂಥದ ಚೌಕಟ್ಟನ್ನು ಬೇರೆಡೆಯಿಂದ ತಂದ. ಕಾಸ್ಪಿಯನ್ ಸಮುದ್ರದ ಬಳಿಯ ಖಜಾರ್ ಅರಸರು ಯೆಹೂದಿ ಧರ್ಮವನ್ನು ಸ್ವೀಕರಿಸಿದರೆಂಬ ವಾರ್ತೆ ಸ್ಪೇನಿನ ಯೆಹೂದಿಗಳಲ್ಲಿ ಪ್ರಚಲಿತವಿತ್ತು. ಅದರ ವ್ಯಾಪ್ತಿ ಎಷ್ಟೆಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಹಲೇವಿಯ ಅರಸನಿಗೆ ಒಂದು ಕನಸು ಮರುಕಳಿಸುತ್ತದೆ: ನಿನ್ನ ಭಾವ ದೇವರಿಗೆ ಪ್ರಿಯ, ನಿನ್ನ ನಡೆ ಪ್ರಿಯವಲ್ಲ ಎಂದು ದೂತನೊಬ್ಬ ನುಡಿಯುತ್ತಾನೆ. ಅರಸ ಮೊದಲು ತತ್ತ್ವಜ್ಞಾನಿಯನ್ನು ಕರೆಸುತ್ತಾನೆ. ಮನಶ್ಶುದ್ಧಿಯೇ ಮುಖ್ಯ, ಬಾಹ್ಯಾಚರಣೆ ಹೇಗಿದ್ದರೂ ಸರಿ ಎಂಬ ಧಾಟಿಯ ಉತ್ತರ ಅವನಿಗೆ ಒಗ್ಗುವುದಿಲ್ಲ. ದೋಷವಿರುವುದು ಆಚರಣೆಯಲ್ಲಿ ಎಂದು ಕನಸು ಹೇಳಿದೆ. ಆಮೇಲೆ ಕ್ರೈಸ್ತ ಪಂಡಿತ, ಮುಸ್ಲಿಂ ಪಂಡಿತ. ಯೆಹೂದಿಯನ್ನು ಕರೆಸುವ ಇರಾದೆಯೇ ಅರಸನಿಗಿರಲಿಲ್ಲ. ಅವರ ಹೀನಸ್ಥಿತಿಯೇ ಅವರ ಧರ್ಮದ ನಿರರ್ಥಕತೆಗೆ ಸಾಕ್ಷಿಯೆಂದು ಅವನು ಬಗೆದಿದ್ದ. ಆದರೆ ಇಬ್ಬರು ಪಂಡಿತರೂ ಇಸ್ರಾಯೇಲ್ಯರ ಗ್ರಂಥವನ್ನೇ ಆಧಾರವಾಗಿ ಹಿಡಿದದ್ದರಿಂದ ಕೊನೆಗೆ ಅವರವನೊಬ್ಬನನ್ನೂ ಕೇಳಬೇಕಾಗುತ್ತದೆ.

ನಿನ್ನ ನಂಬಿಕೆ ಏನು ಎಂಬ ಪ್ರಶ್ನೆಗೆ ಯೆಹೂದಿ ಪಂಡಿತ ಕೊಡುವ ಉತ್ತರ ಅರಸನನ್ನು ನಿರಾಶೆಗೊಳಿಸುತ್ತದೆ. ಅಬ್ರಹಾಮ, ಇಸಾಕ, ಯಾಕೋಬರ ದೇವರನ್ನು, ಇಸ್ರಾಯೇಲ್ಯರನ್ನು ಐಗುಪ್ತದಿಂದ ಬಿಡಿಸಿ ತಂದವನನ್ನು ನಂಬುವೆ ಎನ್ನುತ್ತಾನೆ ಅವನು. ಲೋಕವನ್ನು ಸೃಷ್ಟಿಸಿ ನಡೆಸುವವನನ್ನು ನಂಬುವೆನೆಂದು ಹೇಳಬಾರದಿತ್ತೇ ಎಂದು ಅರಸ ಕೇಳುತ್ತಾನೆ. ಅದು ಊಹೆಯಿಂದ ಕಟ್ಟಿದ ಧರ್ಮ, ಸಂದೇಹಗಳಿಗೆ ಅಲ್ಲಿ ಕೊನೆಯಿಲ್ಲ ಎಂದು ಹೇಳಿ ಪಂಡಿತ ಒಂದು ದೃಷ್ಟಾಂತ ಕೊಡುತ್ತಾನೆ. ಅದು ಹಿಂದೂದೇಶದ ಅರಸನ ದೃಷ್ಟಾಂತ. ಹಿಂದೂದೇಶದ ಜನರು ನ್ಯಾಯವಂತರಾದ್ದರಿಂದ ಅಲ್ಲಿನ ಅರಸ ಗೌರವಾರ್ಹನೆಂದು ಯಾರಾದರೂ ಹೇಳಿದರೆ ಒಪ್ಪುವೆಯಾ? ಆ ಜನರ ನ್ಯಾಯ ಅವರ ಸ್ವಭಾವದಿಂದಲೇ ಬಂದಿರಬಹುದು, ಅರಸನೇ ಇಲ್ಲದಿರಬಹುದು ಎಂದು ಖಜಾರ್ ದೊರೆ ಸರಿಯಾಗಿಯೇ ಆಕ್ಷೇಪಿಸುತ್ತಾನೆ. ಹಾಗಾದರೆ ಆ ಅರಸನ ದೂತ, ಅಲ್ಲಿನ ಅರಮನೆಯಲ್ಲಲ್ಲದೆ ಬೇರೆಲ್ಲೂ ಸಿಗದ ಕಾಣಿಕೆಗಳೊಡನೆ, ಪತ್ರದೊಡನೆ, ನಿನ್ನ ರೋಗಕ್ಕೆ ಮದ್ದಿನೊಡನೆ ನಿನ್ನ ಬಳಿಗೇ ಬಂದರೆ? ಆಗ ಸಂದೇಹವಿಲ್ಲ ಎನ್ನುತ್ತಾನೆ ದೊರೆ.

ಭಾರತೀಯ ಪ್ರಮಾಣಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಹಲೇವಿಯ ಪಂಡಿತ ಅನುಮಾನವನ್ನು ಕೈಬಿಟ್ಟು, ಪೂರ್ವಜರ ಪ್ರತ್ಯಕ್ಷವನ್ನೂ ಅದನ್ನು ತಲೆಮಾರುಗಳಿಗೆ ದಾಟಿಸುವ ಐತಿಹ್ಯವನ್ನೂ ಹಿಡಿಯುತ್ತಿದ್ದಾನೆ. ಸೃಷ್ಟಿಯ ಕ್ರಮವನ್ನು ಕಂಡು ಸೃಷ್ಟಿಕರ್ತನನ್ನು ಊಹಿಸುವುದು ಜನರ ನ್ಯಾಯವನ್ನು ಕಂಡು ಅರಸನನ್ನು ಊಹಿಸಿದಂತೆ. ಕೈಗೆ ಬಂದ ಮದ್ದು ಬೇರೆ. ಈ ದೃಷ್ಟಾಂತಕ್ಕೆ ಹಿಂದೂದೇಶವೇ ಏಕೆ ಬೇಕಾಯಿತು? ದೂರದ, ಕಂಡಿಲ್ಲದ ನಾಡಿಗೆ ಅದು ಮಧ್ಯಯುಗದ ರೂಢಿಯ ಉದಾಹರಣೆಯೇನೋ ಹೌದು. ಆದರೆ ಹಲೇವಿಯ ಮಿತ್ರವಲಯಕ್ಕೆ ಅಲ್ಲಿಂದ ಬಂದ ಮೆಣಸು, ಮದ್ದಿನ ಸಾಮಗ್ರಿಗಳು ಕಥೆಯ ಸರಕುಗಳಾಗಿರಲಿಲ್ಲ. ಹಿಂದೂದೇಶವನ್ನು ಕಾಣದವನೂ ಅದರ ಇರವನ್ನು ಕೈಯಲ್ಲಿ ಹಿಡಿದು ಮೂಸಬಹುದಾಗಿತ್ತು.

ಇದೇ ಗ್ರಂಥದಲ್ಲಿ ಮುಂದೆ ಭಾರತ ಬೇರೊಂದು ಬಗೆಯಲ್ಲಿ ಬರುತ್ತದೆ. ಹಿಂದೂದೇಶದವರು ತಮ್ಮಲ್ಲಿ ಲಕ್ಷಗಟ್ಟಲೆ ವರ್ಷಗಳಷ್ಟು ಹಳೆಯ ಕಟ್ಟಡಗಳಿವೆಯೆನ್ನುತ್ತಾರಲ್ಲ, ಸೃಷ್ಟಿಯಾಗಿ ಐದು ಸಾವಿರ ವರ್ಷವೂ ಆಗಿಲ್ಲವೆಂಬ ನಿನ್ನ ಲೆಕ್ಕ ಇದರಿಂದ ಅಲುಗುವುದಿಲ್ಲವೇ ಎಂದು ದೊರೆ ಕೇಳುತ್ತಾನೆ. ಬಹುಜನ ಒಮ್ಮತದಿಂದ ಒಪ್ಪಿದ ಗ್ರಂಥ ಅವರಲ್ಲಿದ್ದರೆ ಅಲುಗುತ್ತಿತ್ತು, ಆದರೆ ಅಂಥದ್ದಿಲ್ಲ ಎಂದು ಹೇಳಿ ಪಂಡಿತ ಆ ಜನರನ್ನು ನೆಚ್ಚಲಾಗದವರೆಂದೂ ವಿಗ್ರಹ, ಮಾಟಮಂತ್ರಗಳವರೆಂದೂ ಹಳಿಯುತ್ತಾನೆ. ಒಂದು ಪುಟದಲ್ಲಿ ನ್ಯಾಯವಂತರಾಗಿದ್ದವರು ಇನ್ನೊಂದು ಪುಟದಲ್ಲಿ ಹೀಗಾಗುವುದು ಸೋಜಿಗ. ದೃಷ್ಟಾಂತಕ್ಕೆ ಬೇಕಾದ ಭಾರತ ಬೇರೆ, ಪ್ರತಿವಾದಿಯಾಗಿ ಎದುರಾಗುವ ಭಾರತ ಬೇರೆ. ಪಂಡಿತ ಅತ್ಯಂತ ದುರ್ಬಲನಾಗಿ ಕಾಣುವುದು ಇಲ್ಲಿ. ಇನ್ನೊಂದು ಐತಿಹ್ಯ ಎದುರು ನಿಂತಾಗ ಅದನ್ನು ಪರೀಕ್ಷಿಸದೆ ಅದನ್ನು ಹೊತ್ತವರನ್ನೇ ನಿಂದಿಸುವುದು ವಾದವಾಗಲಾರದು. ಅವನ ಮುಖ್ಯ ಪ್ರಮಾಣವಾದ ಸೀನಾಯ್ ಬೆಟ್ಟದ ಬುಡದ ಜನಸ್ತೋಮದ ಸಾಕ್ಷ್ಯಕ್ಕೂ ಇದೇ ತೊಡಕಿದೆ. ಆರು ಲಕ್ಷ ಗಂಡಸರು ಐಗುಪ್ತದಿಂದ ಹೊರಟರೆಂದು ಹೇಳುವುದು ಆ ಗ್ರಂಥವೇ. ಗ್ರಂಥವನ್ನು ಸಮರ್ಥಿಸುವ ಸಾಕ್ಷಿಗಳು ಗ್ರಂಥದ ಒಳಗೇ ಇದ್ದಾರೆ. ಅಷ್ಟು ದೊಡ್ಡ ವಲಸೆಗೆ ಪುರಾತತ್ತ್ವದ ನೇರ ಆಧಾರವೂ ದೊರೆತಿಲ್ಲ.

ಹಾಗಿದ್ದೂ ‘ಕುಜರಿ’ ಉಳಿದು ಬಂದಿದ್ದರೆ ಅದಕ್ಕೆ ಕಾರಣ ವಾದದ ಬಲ ಮಾತ್ರವಲ್ಲ. ಅದರ ರಚನೆಯನ್ನು ಗಮನಿಸಬೇಕು. ಗ್ರಂಥದ ಐದು ಭಾಗಗಳಲ್ಲಿ ದೊರೆ ಧರ್ಮವನ್ನು ಸ್ವೀಕರಿಸುವುದು ಎರಡನೆಯದರ ಆರಂಭದಲ್ಲಿಯೇ. ಆಮೇಲೆಯೂ ಅವನು ಕೇಳುತ್ತಲೇ ಇರುತ್ತಾನೆ. ಸ್ವೀಕಾರವು ಸಂದೇಹದ ಮುಕ್ತಾಯವೆಂದು ಹಲೇವಿ ಭಾವಿಸಿಲ್ಲ. ಒಳಗೆ ಬಂದ ಮೇಲೆ ಪ್ರಶ್ನೆಗಳು ಇನ್ನಷ್ಟು ಹತ್ತಿರದಿಂದ ನಾಟುತ್ತವೆ.

೫

ಹಲೇವಿಯ ಪಾಠದಲ್ಲಿ ಹೊಸಬನಿಗೆ ನೋವುಂಟುಮಾಡುವ ಅಂಶವೊಂದಿದೆ. ಹೊರಗಿನಿಂದ ಬಂದು ಸೇರಿದವನು ಒಳಿತಿನಲ್ಲಿ ಪಾಲು ಪಡೆಯುತ್ತಾನೆ, ಆದರೆ ಹುಟ್ಟಿನಿಂದ ಇಸ್ರಾಯೇಲ್ಯನಾದವನಿಗೆ ಸಮನಾಗುವುದಿಲ್ಲ, ಪ್ರವಾದಿಯ ಪದವಿ ಅವನಿಗಿಲ್ಲ ಎಂದು ಪಂಡಿತ ಅರಸನ ಮುಖದ ಮೇಲೆಯೇ ಹೇಳುತ್ತಾನೆ. ಧರ್ಮವನ್ನು ಒಂದು ಜನದ ಅನುಭವದ ಮೇಲೆ ನಿಲ್ಲಿಸಿದ್ದರ ಬೆಲೆ ಇದು.

ಇನ್ನೊಂದು ದಾರಿ ಹಿಡಿದವನು ಮೋಶೆ ಬೆನ್ ಮೈಮೋನ್ (೧೧೩೮-೧೨೦೪), ಅಂದರೆ ಮೈಮೋನಿಡೀಸ್. ಇವನ ಮನೆತನಕ್ಕೂ ಪಶ್ಚಿಮ ಕರಾವಳಿಯ ವ್ಯಾಪಾರಕ್ಕೂ ನಂಟಿತ್ತು: ಅವನ ತಮ್ಮ ದಾವೀದ ಭಾರತಕ್ಕೆ ಹೊರಟ ಹಡಗು ಮುಳುಗಿ ತೀರಿಕೊಂಡ. ಮೈಮೋನಿಡೀಸ್ ೧೧೬೮ರಲ್ಲಿ ಮುಗಿಸಿದ ಮಿಶ್ನಾ ವ್ಯಾಖ್ಯಾನದಲ್ಲಿ ಹದಿಮೂರು ಮೂಲತತ್ತ್ವಗಳನ್ನು ನಿರೂಪಿಸಿದ. ಯೆಹೂದಿ ಧರ್ಮದ ಬಗ್ಗೆ ಯಾವುದೇ ಕೈಪಿಡಿ ತೆರೆದರೂ ಇಂದು ಮೊದಲು ಎದುರಾಗುವುದು ಈ ಪಟ್ಟಿಯೇ. ಆದರೆ ಅಷ್ಟು ಶತಮಾನ ಇಂಥ ಪಟ್ಟಿಯ ಹಂಗಿಲ್ಲದೆ ಆ ಧರ್ಮ ಬಾಳಿತ್ತು. ಅವನ ಧರ್ಮಸಂಹಿತೆಯಾದ ‘ಮಿಶ್ನೇ ತೋರಾ’ದಲ್ಲಿ ಹೊಸಬನನ್ನು ಸ್ವೀಕರಿಸುವ ಕ್ರಮವನ್ನು ಹೇಳುವಾಗ ಯೆವಾಮೋತ್ ಭಾಗದ ಮಾತನ್ನೇ ಅನುಸರಿಸುತ್ತಾ ನಡುವೆ ಒಂದಂಶವನ್ನು ಸೇರಿಸುತ್ತಾನೆ. ದೇವರ ಏಕತ್ವ, ವಿಗ್ರಹಾರಾಧನೆಯ ನಿಷೇಧ ಎಂಬ ತತ್ತ್ವಗಳನ್ನು ಮೊದಲು ವಿಸ್ತಾರವಾಗಿ ತಿಳಿಸಬೇಕು, ವಿಧಿಗಳ ವಿಷಯವನ್ನು ಬೆಳೆಸಬಾರದು ಎನ್ನುತ್ತಾನೆ. ಹಕ್ಕಲಿನ ಜಾಗಕ್ಕೆ ತತ್ತ್ವ ಬಂದು ಕೂತಿತು. ಇದರಿಂದ ಕಳೆದದ್ದೂ ಉಂಟು, ಗಳಿಸಿದ್ದೂ ಉಂಟು. ಧರ್ಮ ತತ್ತ್ವದಲ್ಲಿರುವುದಾದರೆ ಹುಟ್ಟಿನ ಮೇಲೆ ಮೇಲುಕೀಳು ಉಳಿಯಲಾರದು.

ಒಬಾದ್ಯ ಎಂಬ ಹೊಸಬನೊಬ್ಬ ಮೈಮೋನಿಡೀಸನಿಗೆ ಬರೆದು ಕೇಳಿದ: ‘ನಮ್ಮ ಪಿತೃಗಳ ದೇವರೇ’ ಎಂದು ಪ್ರಾರ್ಥನೆಯಲ್ಲಿ ನಾನು ಹೇಳಬಹುದೇ, ನನ್ನ ಪಿತೃಗಳು ಬೇರೆಯಲ್ಲವೇ? ಎಲ್ಲವನ್ನೂ ಹೇಳು, ಒಂದಕ್ಷರವನ್ನೂ ಬದಲಿಸಬೇಡ, ಅಬ್ರಹಾಮನೇ ನಿನ್ನ ತಂದೆ, ನಮಗೂ ನಿನಗೂ ಭೇದವಿಲ್ಲ ಎಂಬುದು ಉತ್ತರದ ಸಾರ. ಇದೇ ಒಬಾದ್ಯ ಮುಸಲ್ಮಾನರು ವಿಗ್ರಹಾರಾಧಕರಲ್ಲವೆಂದು ವಾದಿಸಿದಾಗ ಅವನ ಗುರು ಅವನನ್ನು ಮೂರ್ಖನೆಂದು ಜರೆದಿದ್ದ. ಮೈಮೋನಿಡೀಸ್ ಶಿಷ್ಯನ ಮಾತೇ ಸರಿಯೆಂದು ತೀರ್ಪಿತ್ತದ್ದಲ್ಲದೆ, ಗುರುವು ಘೋರವಾದ ತಪ್ಪನ್ನು ಮಾಡಿದ್ದಾನೆ, ನೀನು ಶಿಷ್ಯನಾದರೂ ಅವನು ನಿನ್ನ ಕ್ಷಮೆ ಕೇಳಬೇಕು ಎಂದು ಬರೆದ. ತತ್ತ್ವನಿಷ್ಠುರನಾದ, ಕೆಲವೆಡೆ ಶಮ್ಮಾಯಿಗಿಂತ ಕಠಿಣನಾದ ಲೇಖಕನಿಂದ ಬಂದ ಈ ಮಾತಿಗೆ ವಿಶೇಷ ಬೆಲೆಯಿದೆ.

ಆಧುನಿಕ ಕಾಲದಲ್ಲಿ ಸಂದೇಹಿ ಹೊರಗಿನಿಂದ ಬರಬೇಕಾಗಿರಲಿಲ್ಲ. ೧೯೧೩ರಲ್ಲಿ ಕ್ರೈಸ್ತನಾಗುವ ಅಂಚಿನವರೆಗೆ ಹೋಗಿ ಹಿಂದಿರುಗಿದ ಫ್ರಾಂಜ್ ರೋಸೆನ್‌ಜ್ವೈಗ್ ೧೯೨೦ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸ್ಥಾಪಿಸಿದ ‘ಲೇರ್‌ಹೌಸ್’ ಎಂಬ ಮುಕ್ತ ಕಲಿಕೆಯ ಕೇಂದ್ರ ಯೆಹೂದಿಗಳಾಗಿ ಹುಟ್ಟಿಯೂ ಏನನ್ನೂ ಅರಿಯದವರಿಗಾಗಿ ತೆರೆದದ್ದು. ತೋರಾದಿಂದ ಬದುಕಿನ ಕಡೆಗೆ ಸಾಗುತ್ತಿದ್ದ ಹಳೆಯ ಕಲಿಕೆಯನ್ನು ತಿರುಗಿಸಿ ಬದುಕಿನಿಂದ ತೋರಾದ ಕಡೆಗೆ ನಡೆಯಬೇಕೆಂಬುದು ಅವನ ಆಶಯ. ಅಲ್ಲಿ ಪಾಠ ಹೇಳಿ ಹೆಸರಾದವರಲ್ಲಿ ಒಬ್ಬ ರಸಾಯನಶಾಸ್ತ್ರಜ್ಞ, ಒಬ್ಬ ವೈದ್ಯ. ಅವರೂ ಕಲಿಯುತ್ತಲೇ ಕಲಿಸುತ್ತಿದ್ದರು. ನರರೋಗದಿಂದ ಮಾತು, ಕೈಗಳನ್ನು ಕಳೆದುಕೊಂಡ ವರ್ಷಗಳಲ್ಲಿ ರೋಸೆನ್‌ಜ್ವೈಗ್ ಜರ್ಮನ್ ಭಾಷೆಗೆ ಅನುವಾದಿಸಿದ್ದು ಹಲೇವಿಯ ಕವಿತೆಗಳನ್ನು. ೧೯೩೩ರಲ್ಲಿ ಮಾರ್ಟಿನ್ ಬ್ಯೂಬರ್ ಆ ಕೇಂದ್ರವನ್ನು ಮತ್ತೆ ತೆರೆದರು. ೧೯೩೮ರಲ್ಲಿ ಅದು ಮುಚ್ಚಿತು.

೬

‘ಕುಜರಿ’ಯಲ್ಲಿ ಪಂಡಿತ ಎರಡು ಕಡೆ ಸೋಲೊಪ್ಪುತ್ತಾನೆ. ಮೊದಲನೆಯದು ತನ್ನ ಜನರ ದೈನ್ಯವನ್ನೇ ಅವರ ಹಿರಿಮೆಯೆಂದು ಹೇಳಿಕೊಂಡಾಗ. ದೈನ್ಯವನ್ನು ನೀವಾಗಿ ಆರಿಸಿಕೊಂಡಿದ್ದರೆ ಈ ಮಾತು ಸರಿ, ಅದು ನಿಮ್ಮ ಮೇಲೆ ಬಿದ್ದದ್ದು. ಅಧಿಕಾರ ಸಿಕ್ಕಿದರೆ ನೀವೂ ಕೊಲ್ಲುವಿರಿ ಎನ್ನುತ್ತಾನೆ ದೊರೆ. ನಮ್ಮ ಮರ್ಮಕ್ಕೇ ತಾಗಿಸಿದೆ ಎಂದು ಪಂಡಿತ ಒಪ್ಪಿಕೊಳ್ಳುತ್ತಾನೆ. ಸಮರ್ಥನೆಗಾಗಿಯೇ ಹುಟ್ಟಿದ ಗ್ರಂಥದಲ್ಲಿ ಪ್ರತಿವಾದಿಯ ಬಾಯಲ್ಲಿ ಇಂಥ ಮಾತನ್ನಿರಿಸಿ, ಅದಕ್ಕೆ ಪೂರ್ತಿ ಸಮಾಧಾನ ಹೇಳದೆ ಬಿಟ್ಟಿರುವುದು ಅಪರೂಪ. ಯೆಹೂದಿಗಳ ಕೈಗೆ ರಾಜ್ಯಾಧಿಕಾರ ಬಂದ ೧೯೪೮ರ ಅನಂತರ ಈ ಪುಟವನ್ನು ಓದುವವರಿಗೆ ಅದರ ಕಾವು ಬೇರೆಯಾಗಿಯೇ ತಟ್ಟುತ್ತದೆ. ಯೆಹೂದಿ ಚಿಂತಕರೂ ಇದನ್ನು ಮತ್ತೆ ಮತ್ತೆ ನೆನೆದಿದ್ದಾರೆ.

ಎರಡನೆಯ ಸೋಲು ಎರಡನೆಯ ಭಾಗದಲ್ಲಿದೆ. ಇಸ್ರಾಯೇಲ್ ನಾಡಿನ ಮಹಿಮೆಯನ್ನು ಪಂಡಿತ ದೀರ್ಘವಾಗಿ ಬಣ್ಣಿಸುತ್ತಾನೆ. ಹಾಗಿದ್ದರೆ ನೀನೇಕೆ ಅಲ್ಲಿಗೆ ಹೋಗಿಲ್ಲ ಎಂದು ದೊರೆ ಕೇಳುತ್ತಾನೆ. ನನ್ನನ್ನು ನಾಚಿಸಿದೆ ಎಂಬುದೇ ಪಂಡಿತನ ಮರುನುಡಿ. ದಿನದಿನದ ಪ್ರಾರ್ಥನೆಯಲ್ಲಿ ಆ ನಾಡನ್ನು ಹಂಬಲಿಸುವ ತಮ್ಮ ಮಾತುಗಳು ಅರ್ಥವರಿಯದೆ ಉಲಿಯುವ ಹಕ್ಕಿಯ ಮಾತುಗಳಂತಾಗಿವೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಕನಸಿನ ದೂತ ದೊರೆಗೆ ಹೇಳಿದ್ದನ್ನು ಈಗ ದೊರೆ ಗುರುವಿಗೆ ಹೇಳಿದ್ದಾನೆ: ಭಾವ ಸರಿಯಿದೆ, ನಡೆ ಸರಿಯಿಲ್ಲ.

ಸಂವಾದ ಮುಂದುವರಿಯುತ್ತದೆ, ವಿಧಿಗಳು, ದೇವರ ಹೆಸರುಗಳು, ತತ್ತ್ವಶಾಸ್ತ್ರ ಹೀಗೆ ಮೂರು ಭಾಗಗಳು ಕಳೆಯುತ್ತವೆ. ಐದನೆಯದರ ಕೊನೆಗೆ ಪಂಡಿತ ಜೆರುಸಲೇಮಿಗೆ ಹೊರಡುವುದಾಗಿ ತಿಳಿಸುತ್ತಾನೆ. ಈಗ ತಡೆಯುವವನು ದೊರೆಯೇ. ದೇವರು ಎಲ್ಲೆಡೆಯೂ ಇದ್ದಾನಲ್ಲ, ನೆಲ ಜಲಗಳ ಅಪಾಯಕ್ಕೆ ಮೈಯೊಡ್ಡುವುದೇಕೆ ಎಂದು ಅವನು ಕೇಳುತ್ತಾನೆ. ಹಿಂದೆ ತತ್ತ್ವಜ್ಞಾನಿ ಆಡಿದ್ದ ಮಾತಿನ ಛಾಯೆ ಇದರಲ್ಲಿದೆ. ಪಂಡಿತ ಮಣಿಯುವುದಿಲ್ಲ. ಕೊನೆಗೆ ದೊರೆ ಹರಸಿ ಬೀಳ್ಕೊಡುತ್ತಾನೆ.

ಗ್ರಂಥ ಮುಗಿದ ಕಾಲದಲ್ಲಿಯೇ ಹಲೇವಿಯೂ ಸ್ಪೇನನ್ನು ಬಿಟ್ಟ. ೧೧೪೦ರ ಸೆಪ್ಟೆಂಬರಿನಲ್ಲಿ ಅಲೆಕ್ಸಾಂಡ್ರಿಯಕ್ಕೆ ಬಂದಿಳಿದ. ಈಜಿಪ್ಟಿನ ಯೆಹೂದಿ ಗಣ್ಯರು ಅವನನ್ನು ಸತ್ಕರಿಸಿ ಅಲ್ಲಿಯೇ ನಿಲ್ಲಿಸಿಕೊಳ್ಳಲು ಬಯಸಿದರು. ಹಲ್ಫೋನ್ ಕೈರೋದಲ್ಲಿ ಅವನನ್ನು ಉಪಚರಿಸಿದ. ಜೆರುಸಲೇಮಿನ ಬಾಗಿಲಲ್ಲಿ ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ ಅವನು ಮಡಿದನೆಂಬ ದಂತಕಥೆ ಬಹುಕಾಲದ ಮೇಲೆ ಹುಟ್ಟಿಕೊಂಡಿತು. ಜೆನಿಜಾದ ಪತ್ರಗಳಲ್ಲಿ ಅಂಥ ನಾಟಕೀಯತೆಯಿಲ್ಲ. ೧೧೪೧ರ ಮೇ ತಿಂಗಳಲ್ಲಿ ಅಲೆಕ್ಸಾಂಡ್ರಿಯದಿಂದ ಹಲ್ಫೋನನಿಗೆ ಬಂದ ಪತ್ರವೊಂದರ ಪ್ರಕಾರ ಹಲೇವಿ ಹತ್ತಿದ್ದ ಹಡಗು ಅನುಕೂಲವಾದ ಗಾಳಿಗಾಗಿ ಕೆಲವು ದಿನ ರೇವಿನಲ್ಲಿಯೇ ಕಾದಿತ್ತು. ಆಮೇಲೆ ಪಶ್ಚಿಮದ ಗಾಳಿ ಬೀಸಿತು, ಹಡಗು ಹೊರಟಿತು. ಅದೇ ವರ್ಷದ ಚಳಿಗಾಲಕ್ಕೆ ಮೊದಲು ಬರೆದ ಇನ್ನೊಂದು ಪತ್ರದಲ್ಲಿ ಅವನ ಹೆಸರಿನ ಜೊತೆಗೆ ತೀರಿಕೊಂಡವರಿಗೆ ಬಳಸುವ ಹರಕೆಯ ಮಾತು ಸೇರಿದೆ.